ಕೆನ್ನೆಯ ಅಳತೆ

“ಹೂವು ನಾನು ತೆಗೆಯಲಾ, ನೀವೇ ತೆಗೆಯುತ್ತೀರಾ?” ಎಂದು ಪೊಲೀಸಿನವಳು ಕೇಳಿದಳು.

ಅವಳು ನೀಲಿ ಕೈಗವಸು ಹಾಕಿಕೊಂಡು ದೇವರ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಲಾಂಡ್ರಿಯ ಪಕ್ಕದ ಸ್ಟೋರನ್ನೇ ದೇವರ ಕೋಣೆ ಮಾಡಿಕೊಂಡಿದ್ದರಿಂದ ಇಬ್ಬರು ನಿಲ್ಲುವಷ್ಟೂ ಜಾಗ ಅಲ್ಲಿರಲಿಲ್ಲ. ಒಳಗೆ ಕೆಂಪು ಬಟ್ಟೆಯ ಮೇಲೆ ಮಿಕ್ಸಿಯ ಜಾರು, ಕಾರಿನ ಕೀಲಿ, ಯಾದವನ ಉಳಿಗಳು, ಅರಗಳು, ಗುಣವತಿ ಫಾರ್ಮಸಿಯಲ್ಲಿ ಮಾತ್ರೆ ಎಣಿಸುವ ನೀಲಿ ತಟ್ಟೆ. ಎಲ್ಲದಕ್ಕೂ ಒಂದೊಂದು ಕುಂಕುಮದ ಬೊಟ್ಟು. ಅವುಗಳ ಹಿಂದೆ, ಗೋಡೆಗೆ ಆನಿಸಿದ ಮಣೆಯ ಮೇಲೆ, ಚೆಂಡುಹೂವಿನ ಮಾಲೆ ಹೊತ್ತು ಮಲಗಿದ್ದು ಸುಮಾರು ತೊಂಬತ್ತು ವರ್ಷ ಹಳೆಯ ಪಂಪ್ ಕೋವಿ.

“ಅವರು ಮುಟ್ಟಬಾರದು,” ಎಂದು ಜೊತೆಗೆ ಬಂದಿದ್ದ ಎಳೆಯ ಪೊಲೀಸಿನವ ನೆನಪಿಸಿದ. ಅವನು ಗರಾಜಿನಲ್ಲಿ ಬಾಯಿ ತೆರೆದು ನಿಂತಿದ್ದ ಉಕ್ಕಿನ ಪೆಟ್ಟಿಗೆಯ ಫೋಟೋ ತೆಗೆದುಕೊಂಡು ಆಗಷ್ಟೇ ಒಳಗೆ ಬಂದಿದ್ದ.

“ಹೌದು, ಕ್ಷಮಿಸಿ,” ಎಂದಳು ಅವಳು ಯಾದವನಿಗೆ. “ಇನ್ನು ನೀವು ಅದನ್ನು ಮುಟ್ಟುವ ಹಾಗಿಲ್ಲ.”

“ಮಂಗಳಾರತಿ ಆಗಲಿಲ್ಲ,” ಎಂದಳು ಗುಣವತಿ ಗಂಡನಿಗೆ, ಕನ್ನಡದಲ್ಲಿ. ಅವನು ಅದನ್ನು ಅನುವಾದಿಸಲಿಲ್ಲ. ಅವಳು ಒಂದು ಕ್ಷಣ ಕಾದು, ತಾನೇ ಇಂಗ್ಲಿಷಿನಲ್ಲಿ ಐದು ನಿಮಿಷ ಕೇಳಿದಳು. ಪೊಲೀಸಿನವಳು ಗಡಿಯಾರ ನೋಡಿಕೊಂಡಳು, ಜೊತೆಗಾರನನ್ನು ನೋಡಿದಳು, “ತಗೊಳ್ಳಿ” ಎಂದಳು.

ಹಾಗಾಗಿ ಮೆಲ್ಬರ್ನ್ ಹೊರವಲಯದ ಪಾಯಿಂಟ್ ಕುಕ್ಕಿನ ಆ ಮನೆಯಲ್ಲಿ ವಿಜಯದಶಮಿಯ ಪೂಜೆ ಇಬ್ಬರು ಪೊಲೀಸರ ಎದುರೇ ನಡೆಯಿತು. ಗುಣವತಿ ಗಂಟೆ ಬಾರಿಸಿದಳು. ಕರ್ಪೂರ ಹಚ್ಚಿ ದೇವರಿಗೆ, ಮಿಕ್ಸಿಗೆ, ಉಳಿಗಳಿಗೆ, ಕೋವಿಗೆ ಬೆಳಗಿದಳು. ಗಂಡನಿಗೆ ತೋರಿಸಿದ ಮೇಲೆ ಅಭ್ಯಾಸಬಲದಿಂದ ತಟ್ಟೆಯನ್ನು ಬಾಗಿಲಿನತ್ತ ಚಾಚಿದಳು. ಪೊಲೀಸಿನವಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಯಾದವ ಮಾಡಿದ್ದನ್ನು ನೋಡಿದ್ದಳೋ ಏನೋ, ಗವಸು ತೊಟ್ಟ ಎರಡು ಕೈಗಳನ್ನೂ ಜ್ವಾಲೆಯ ಮೇಲೆ ಹಿಡಿದು, ಆಮೇಲೆ ಆ ಕೈಗಳನ್ನು ಎಲ್ಲಿಡುವುದೆಂದು ಗೊತ್ತಾಗದೆ ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತಳು.

ಮತ್ತೆ ಪ್ರಶ್ನೆಗಳು ಶುರುವಾದವು.

“ನಿನ್ನೆ ರಾತ್ರಿ ಇದು ಎಲ್ಲಿತ್ತು?”

“ಇಲ್ಲೇ ಇತ್ತು.”

“ಮನೆಯಲ್ಲಿ ಯಾರಿದ್ದರು?”

“ಯಾರೂ ಇರಲಿಲ್ಲ. ಊಟಕ್ಕೆ ಹೋಗಿದ್ದೆವು.” ಸುಳ್ಳು ಹೇಳಬಹುದಿತ್ತು ಎಂದು ಯಾದವನಿಗೆ ಹೊಳೆದದ್ದು ಎರಡು ದಿನ ಕಳೆದ ಮೇಲೆ. “ಮೂರು, ಮೂರೂವರೆ ಗಂಟೆ ಹೊತ್ತು ಹೊರಗಿದ್ದಿರಬಹುದು. ಅದರ ಫೈರಿಂಗ್ ಪಿನ್ ಬೇರೆ ಪೆಟ್ಟಿಗೆಯಲ್ಲಿ ಬೀಗದೊಳಗೇ ಇದೆ. ಅದು ಹಾರುವುದಿಲ್ಲ. ನಾನು ಇದುವರೆಗೆ ಒಂದು ಸಲವೂ ಹಾರಿಸಿಲ್ಲ.”

“ಅದು ಗೊತ್ತು. ಆದರೆ ಪೆಟ್ಟಿಗೆಯೊಳಗೆ ಯಾಕೆ ಇಡಲಿಲ್ಲ?”

ಪೂಜೆಗೆ ಇಟ್ಟ ಆಯುಧವನ್ನು ಮರುದಿನದ ಪೂಜೆ ಮುಗಿಯುವವರೆಗೆ ಎತ್ತುವಂತಿಲ್ಲ ಎಂದು ಅವನು ಹೇಳಲು ಹೊರಟ. ಇಂಗ್ಲಿಷಿನಲ್ಲಿ ಅದು, ಒಂದು ರಾತ್ರಿ ಅದಕ್ಕೆ ವಿಶ್ರಾಂತಿ ಎಂಬಂತೆ ಹೊರಬಂತು.

“ಯಾರಿಗೆ ವಿಶ್ರಾಂತಿ?” ಎಳೆಯವನು ಬರೆಯುವುದನ್ನು ನಿಲ್ಲಿಸಿ ಕೇಳಿದ.

“ಕೋವಿಗೆ.”

ಅವನು ಅದನ್ನೂ ಬರೆದುಕೊಂಡ. ಪೊಲೀಸಿನವಳು ಮಾಲೆಯನ್ನು ಹುಷಾರಾಗಿ ಎತ್ತಿ ಮಾತ್ರೆಯ ತಟ್ಟೆಯ ಮೇಲಿಟ್ಟಳು. ಮರಕ್ಕೆ ಹಚ್ಚಿದ್ದ ಕುಂಕುಮವನ್ನು ಒರೆಸಲಿಲ್ಲ. ಕೋವಿಯನ್ನು ಉದ್ದನೆಯ ಚೀಲಕ್ಕೆ ಇಳಿಸುವಾಗ ಅದರ ಹಿಂಬದಿಯ ಮರದ ಮೇಲೆ ಬೆರಳಾಡಿಸಿ, “ಇದನ್ನು ಮಾಡಿದ್ದು ಯಾರು? ಚೆನ್ನಾಗಿದೆ,” ಎಂದಳು.

“ನಾನೇ,” ಎಂದ ಯಾದವ. “ಆ ಬದಲಾವಣೆಯೂ ರಿಜಿಸ್ಟರ್ ಆಗಿದೆ. ಪತ್ರ ಇದೆ, ತರಲಾ?”

“ನೋಡಿದ್ದೇವೆ. ನಿಮ್ಮ ಪತ್ರಗಳೆಲ್ಲ ಸರಿ ಇವೆ,” ಎಂದಳು ಅವಳು, ಬೇಸರದಿಂದಲೇ.

•

ಯಾದವನ ಕೆಲಸ ಕೃತಕ ಕಾಲು ಮಾಡುವುದು. ಅವನ ತಂದೆ ಮಲ್ಪೆಯಲ್ಲಿ ದೋಣಿ ಕಟ್ಟುತ್ತಿದ್ದವರು. ಮಗ ಮರ ಬಿಟ್ಟು ಪ್ಲಾಸ್ಟಿಕ್ಕಿಗೂ ಕಾರ್ಬನ್ನಿಗೂ ಹೋದದ್ದು ಅವರಿಗೆ ಹಿಡಿಸಿರಲಿಲ್ಲ. ಮೆಲ್ಬರ್ನಿಗೆ ಬರುವ ಮುಂಚೆ ಯಾದವ ಸಿಡ್ನಿಯಲ್ಲಿದ್ದ. ಅಲ್ಲಿನ ಬಡಾವಣೆ ಲಿವರ್‌ಪೂಲ್‌ನಲ್ಲಿ ಹನ್ನೊಂದು ವರ್ಷ ಅದೇ ಕೆಲಸ ಮಾಡಿದ್ದ. ಡೆಸ್ ಪರಿಚಯವಾದದ್ದು ಅಲ್ಲಿ. ಸಕ್ಕರೆ ಕಾಯಿಲೆಯಿಂದ ಮೊಣಕಾಲಿನ ಕೆಳಗೆ ಬಲಗಾಲು ಕಳೆದುಕೊಂಡು ಬಂದಿದ್ದ ಆ ಮುದುಕ ಮೊದಲ ದಿನವೇ, “ನನಗೆ ನಡೆಯುವ ಕಾಲು ಬೇಡ, ಬಾತುಕೋಳಿ ಹೊಡೆಯುವಾಗ ಕೆಸರಲ್ಲಿ ನಿಲ್ಲುವ ಕಾಲು ಬೇಕು,” ಎಂದಿದ್ದ. ಯಾದವ ನಾಲ್ಕು ಸಲ ಅಚ್ಚು ತೆಗೆದು, ಮೂರು ಸಲ ಬಿಸಾಡಿ, ಕೊನೆಗೆ ಅಂಥದ್ದೊಂದು ಕಾಲು ಮಾಡಿ ಕೊಟ್ಟಿದ್ದ. ಅದು ಕೆಸರು ನೋಡಿದ್ದು ಎರಡೇ ವರ್ಷ.

ಡೆಸ್ ಮನೆ ಮಾರಿ ವೃದ್ಧರ ನಿಲಯಕ್ಕೆ ಹೋಗುವಾಗ ಅವನ ಕೋವಿಯನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಅದು ಅವನ ಅಪ್ಪನದು. ಮುಂದಿನ ಹಿಡಿಯನ್ನು ಹಿಂದಕ್ಕೆ ಜಗ್ಗಿ ಮುಂದಕ್ಕೆ ತಳ್ಳಿದರೆ ತೋಟೆ ಏರುವ ಬಗೆಯದು. ಭುಜಕ್ಕೆ ಆನಿಸುವ ಮರ ಮಾತ್ರ ಯಾವತ್ತೋ ಕುದುರೆಯಿಂದ ಬಿದ್ದು ಸೀಳಿಹೋಗಿ, ತಂತಿ ಸುತ್ತಿಕೊಂಡು ಬದುಕಿತ್ತು. ಪೊಲೀಸರಿಗೆ ಒಪ್ಪಿಸಿದರೆ ಕತ್ತರಿಸಿ ಕರಗಿಸುತ್ತಾರೆ. ಡೆಸ್‌ಗೆ ಮಕ್ಕಳಿಲ್ಲ. “ನೀನು ಕಾಲು ಮಾಡುವವನು. ಇದಕ್ಕೊಂದು ಕಾಲು ಮಾಡು,” ಎಂದಿದ್ದ.

ಈ ದೇಶದಲ್ಲಿ ಪಂಪ್ ಕೋವಿ ಯಾರಿಗೆಂದರೆ ಅವರಿಗೆ ಸಿಗುವುದಿಲ್ಲ. ಅಷ್ಟರಲ್ಲಿ ಮೆಲ್ಬರ್ನಿಗೆ ಬಂದಿದ್ದ ಯಾದವ ಅದಕ್ಕಾಗಿಯೇ ಹಳೆಯ ಕೋವಿಗಳ ಸಂಗ್ರಾಹಕರ ಕ್ಲಬ್ ಸೇರಿದ. ಪರೀಕ್ಷೆ ಬರೆದ. ಉಕ್ಕಿನ ಪೆಟ್ಟಿಗೆಯನ್ನು ಗರಾಜಿನ ಕಾಂಕ್ರೀಟಿಗೆ ಬೋಲ್ಟು ಹಾಕಿ ಕೂರಿಸಿದ. ಸಂಗ್ರಾಹಕನ ಲೈಸೆನ್ಸ್ ಬರಲು ಹದಿನಾಲ್ಕು ತಿಂಗಳು ಹಿಡಿಯಿತು; ಅದೂ ಹಾರಿಸುವ ಹಾಗಿಲ್ಲ, ಇಟ್ಟುಕೊಳ್ಳಬಹುದು ಎನ್ನುವ ಲೈಸೆನ್ಸು. ಯಾದವನಿಗೆ ಹಾರಿಸುವುದು ಬೇಕಾಗಿಯೂ ಇರಲಿಲ್ಲ. ಡೆಸ್‌ನ ಹಳೆಯ ಮನೆಯ ಬೆಂಕಿಗೂಡಿನ ಮೇಲಿದ್ದ ಬ್ಲ್ಯಾಕ್‌ವುಡ್ ಹಲಗೆಯನ್ನು ಅವನು ಕೇಳಿ ತಂದಿದ್ದ. ಒಂದು ವಾರಾಂತ್ಯ ಸಿಡ್ನಿಗೆ ಹೋಗಿ, ಗಾಲಿಕುರ್ಚಿಯಲ್ಲಿ ಕೂತಿದ್ದ ಡೆಸ್‌ನ ಮೊಣಕೈಯಿಂದ ತೋರುಬೆರಳಿನವರೆಗೆ ಅಳೆದ. ಭುಜದ ಗುಂಡಿಯನ್ನು ಅಳೆದ. ಆಮೇಲೆ, ಕತ್ತರಿಸಿದ ಕಾಲಿನ ಅಚ್ಚು ತೆಗೆಯುವ ಹಾಗೆಯೇ, ಒದ್ದೆ ಪ್ಲಾಸ್ಟರಿನ ಪಟ್ಟಿಗಳನ್ನು ಇಟ್ಟು ಅವನ ಬಲಗೆನ್ನೆಯ ಅಚ್ಚು ತೆಗೆದ.

“ಕೆನ್ನೆ ಯಾಕೆ?” ಎಂದು ನರ್ಸ್ ಕೇಳಿದ್ದಳು.

“ಗುರಿ ಇಡುವಾಗ ಮರಕ್ಕೆ ತಾಗುವುದು ಕೆನ್ನೆ,” ಎಂದು ಪ್ಲಾಸ್ಟರಿನೊಳಗಿಂದ ಡೆಸ್ ಉತ್ತರಿಸಿದ್ದ. “ಅಲುಗಾಡಿಸಬೇಡ ಹುಡುಗಿ.”

ಮೂರು ಚಳಿಗಾಲ ಯಾದವ ಆ ಮರವನ್ನು ಕೆತ್ತಿದ. ಹಲ್ಲಿಲ್ಲದ ಕೆನ್ನೆಯ ತಗ್ಗು ಮರದಲ್ಲಿ ಉಬ್ಬಾಗಿ ಬರುವಂತೆ ಅರ ಹಾಕಿದ, ಎಣ್ಣೆ ಕುಡಿಸಿದ, ಒಣಗಿಸಿದ, ಮತ್ತೆ ಅರ ಹಾಕಿದ. ಬೇರೆ ಯಾರು ಎತ್ತಿ ಹಿಡಿದರೂ ಅದು ಅವರ ಮುಖಕ್ಕೆ ಹೊಂದುತ್ತಿರಲಿಲ್ಲ. ಹೊಸ ಉದ್ದ, ಹೊಸ ಮರ, ಎಲ್ಲವನ್ನೂ ನಮೂನೆ ತುಂಬಿ ಕಳಿಸಿ, ಮೊಹರು ಬಿದ್ದ ಪತ್ರ ತರಿಸಿಕೊಂಡ. ಅಕ್ಟೋಬರಿನ ಕೊನೆಯ ಭಾನುವಾರ ಸಿಡ್ನಿಯಲ್ಲಿ ಸಂಗ್ರಾಹಕರ ಪ್ರದರ್ಶನವಿತ್ತು. ಕೋವಿಯನ್ನು ರಾಜ್ಯದ ಗಡಿ ದಾಟಿಸಿ ಒಯ್ಯಲು ಪರವಾನಗಿ ಬಂದಿತ್ತು. ಆ ಕಾಗದ ಫ್ರಿಜ್ಜಿನ ಬಾಗಿಲಲ್ಲಿ ಉಡುಪಿ ಕೃಷ್ಣನ ಆಯಸ್ಕಾಂತದ ಕೆಳಗಿತ್ತು. ನಿಲಯದವರು ಡೆಸ್‌ನನ್ನು ವ್ಯಾನಿನಲ್ಲಿ ಕರೆತರಲು ಒಪ್ಪಿದ್ದರು. ಅವನಿಗೆ ಎಂಬತ್ತೆಂಟು. ಹೃದಯ ಕೈಕೊಡುತ್ತಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಒಂದು ಸಲ ಅದನ್ನು ಭುಜಕ್ಕೇರಿಸಿ ಕೆನ್ನೆ ಇಟ್ಟು ನೋಡಬೇಕು, ಅಷ್ಟೇ ಎಂದಿದ್ದ ಅವನು.

•

ಪೊಲೀಸರು ಬರುವ ಹಿಂದಿನ ಸಂಜೆ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದರ ಹಿಂದೊಂದು ಫೋಟೋಗಳು ಬೀಳುತ್ತಿದ್ದವು. ಬಾನೆಟ್ಟಿಗೆ ಸ್ವಸ್ತಿಕ ಬರೆಸಿಕೊಂಡ ಕಾರುಗಳು. ಹೂ ಮುಡಿದ ಲ್ಯಾಪ್‌ಟಾಪುಗಳು. ಯಾರದೋ ರೋಬೋಟ್ ಪೊರಕೆ. ಆಗ ಧಾರವಾಡದ ವಿರುಪಾಕ್ಷನ ದನಿಯ ಸಂದೇಶ ಬಂತು:

“ಅಲ್ರೀ, ಎಲ್ಲಾರೂ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚೀರಿ. ಅದೇನ್ ಆಯುಧ ಏನ್ರೀ? ಅದು ದಿನಾ ನಮಗ ಹೊಡೀತದ, ನಾವು ಅದರಿಂದ ಯಾರಿಗೂ ಹೊಡ್ಯಾಂಗಿಲ್ಲ. ಖರೇ ಆಯುಧ ಇದ್ದಾಂವ ನಮ್ಮೊಳಗ ಒಬ್ಬನ ಅದಾನ. ಅಂವ ಅದನ್ನ ಪೆಟ್ಟಿಗ್ಯಾಗ ಇಟ್ಟು ಬೀಗ ಹಾಕ್ಕೊಂಡು ಕುಂತಾನ. ಯಾದವ ಅವರ, ಒಂದು ಫೋಟೋನರ ಹಾಕ್ರಿ ಮಾರಾಯ್ರ!”

ಕೊನೆಯ ‘ಮಾರಾಯ್ರ’ ಯಾದವನನ್ನು ಅಣಕಿಸಲಿಕ್ಕೇ ಇದ್ದದ್ದು. ಹಿಂದೆ ನಗುವ ಮುಖಗಳು ಸಾಲಾಗಿ ಬಂದವು. ಸಾಮಾನ್ಯವಾಗಿ ಯಾದವ ಇಂಥದ್ದಕ್ಕೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಿದ್ದ. ಆ ದಿನ ಮಾತ್ರ ಮರಕ್ಕೆ ಕೊನೆಯ ಕೈ ಎಣ್ಣೆ ಹಾಕಿ ವಾರವಾಗಿತ್ತಷ್ಟೇ, ಅದು ಹೊಳೆಯುತ್ತಿತ್ತು, ಮತ್ತು ಇಷ್ಟು ದಿನ ಅದನ್ನು ನೋಡಿದವರು ಮೂರೇ ಜನ. ಅವನು ಪೆಟ್ಟಿಗೆಯ ಕೀಲಿ ಕೈಗೆತ್ತಿಕೊಂಡ.

“ಫೋಟೋ ತೆಗೆದು ಒಳಗಿಡುವುದಾದರೆ ತರಬೇಡಿ,” ಎಂದಳು ಗುಣವತಿ. “ತಂದ ಮೇಲೆ ನಾಳೆ ಬೆಳಿಗ್ಗೆವರೆಗೆ ತೆಗೀಲಿಕ್ಕಿಲ್ಲ.”

“ಇಲ್ಲಿ ಬಿಟ್ಟು ಸಂಘದ ಊಟಕ್ಕೆ ಹೋಗುದಾ?”

“ಬಾಗಿಲಿಗೆ ಬೀಗ ಉಂಟಲ್ಲ? ಒಂದು ರಾತ್ರಿ. ನಿಮ್ಮ ಅಪ್ಪ ಉಳಿ, ಬಾಚಿ ಎಲ್ಲ ಇಟ್ಟು ಮರುದಿನದವರೆಗೆ ಒಂದು ಮೊಳೆ ಸಹ ಹೊಡೀತಿರಲಿಲ್ಲ ಅಂತ ನೀವೇ ಹೇಳುದು.”

ಹೌದು, ಅವನೇ ಹೇಳುತ್ತಿದ್ದದ್ದು. ಫೋಟೋದಲ್ಲಿ ಕೋವಿ, ಮಾಲೆ, ದೀಪ ಎಲ್ಲ ಚೆನ್ನಾಗಿ ಬಂದಿತ್ತು. ಕೆಳಗೆ ಅವನು ಬರೆದ: ‘ನಾಳೆ ಬೆಳಿಗ್ಗೆವರೆಗೆ ಇಲ್ಲೇ ಇರುತ್ತದೆ. ನೋಡುವವರು ಬರಬಹುದು.’ ಊಟದ ಹಾಲ್‌ನಲ್ಲಿ ಬಂದವರೆಲ್ಲ ಅವನ ಬೆನ್ನು ತಟ್ಟಿದರು.

•

ಲೈಸೆನ್ಸಿನ ಅಮಾನತಿನ ಪತ್ರ ನಾಲ್ಕನೆಯ ದಿನ ಬಂತು. ಸಭ್ಯವಾದ ಪತ್ರ. ಉತ್ತರ ಕೊಡಲು ಇಷ್ಟು ದಿನ, ಉತ್ತರ ಪರಿಶೀಲಿಸಲು ಫೆಬ್ರವರಿವರೆಗೆ, ತೀರ್ಮಾನ ವಿರುದ್ಧವಾದರೆ ವಸ್ತುವನ್ನು ನಾಶಪಡಿಸಲಾಗುವುದು. ಯಾದವ ಕಚೇರಿಗೆ ಫೋನು ಮಾಡಿದ. ನಲವತ್ತು ನಿಮಿಷ ಸಂಗೀತ ಕೇಳಿದ ಮೇಲೆ ಸಿಕ್ಕ ಹೆಂಗಸು ಅವನ ಮಾತನ್ನು ಕೊನೆಯವರೆಗೂ ಕೇಳಿದಳು. ಭಾನುವಾರ ಒಂದೇ ದಿನ, ಒಂದೇ ಗಂಟೆ, ಪೊಲೀಸರೇ ತಂದು ಪೊಲೀಸರೇ ವಾಪಸು ಒಯ್ಯಲಿ ಎಂದು ಅವನು ಬೇಡಿದ. “ನಿಮ್ಮ ಕಷ್ಟ ಅರ್ಥವಾಗುತ್ತದೆ,” ಎಂದಳು ಅವಳು. ಅರ್ಥವಾಗಿತ್ತು ಎಂದು ಅವನಿಗೂ ಅನ್ನಿಸಿತು. ಕ್ಲಬ್ಬಿನ ಕಾರ್ಯದರ್ಶಿ, “ನೀನು ಗರಾಜಿನಲ್ಲಿ ಮರೆತು ಬಿಟ್ಟಿದ್ದೆ ಅಂದಿದ್ದರೆ ವಾದ ಮಾಡಬಹುದಿತ್ತು. ಬೇಕಂತಲೇ ಇಟ್ಟೆ ಅಂದೆಯಲ್ಲ,” ಎಂದ. ವಕೀಲನೂ ಬೇರೆ ಮಾತುಗಳಲ್ಲಿ ಅದನ್ನೇ ಹೇಳಿದ.

ವಿರುಪಾಕ್ಷ ದಿನಾ ಫೋನು ಮಾಡುತ್ತಿದ್ದ. “ನಂದ ತಪ್ಪ್ರೀ. ನಾ ಸುಮ್ಮನ ಬಾಯಿ ತಗದೆ.”

“ಫೋಟೋ ಹಾಕಿದ್ದು ನಾನು.”

“ಗುಂಪಿನ್ಯಾಗ ಮುನ್ನೂರಾ ಹನ್ನೆರಡು ಮಂದಿ ಅದೀವಿ. ಯಾರು ಹೇಳಿರಬಹುದ್ರೀ?”

“ಹೇಳಿದವರದ್ದೂ ತಪ್ಪಲ್ಲ ಅಲ್ವಾ?” ಎಂದ ಯಾದವ.

ವಿರುಪಾಕ್ಷ ಗುಂಪಿನಿಂದ ತನ್ನ ಮಾತು, ಫೋಟೋ, ನಗು ಎಲ್ಲ ಅಳಿಸಿಹಾಕಿಸಿದ್ದೇನೆ ಎಂದ. ಯಾದವನೂ ತನ್ನ ಫೋನಿನಿಂದ ಆ ಫೋಟೋವನ್ನು ಮೊದಲ ದಿನವೇ ಅಳಿಸಿದ್ದ. ಪೊಲೀಸರ ಬಳಿ ಅದು ಹೇಗೂ ಇತ್ತು. ಗರಾಜಿಗೆ ಹೋದಾಗಲೆಲ್ಲ ಖಾಲಿ ಪೆಟ್ಟಿಗೆಯ ಬೀಗ ಎಳೆದು ನೋಡುವುದು ಅವನಿಗೆ ಅಭ್ಯಾಸವಾಯಿತು. ಗುಣವತಿ ಮಾತ್ರೆಯ ತಟ್ಟೆಯನ್ನು ಕೆಲಸಕ್ಕೆ ಒಯ್ಯುವ ಮೊದಲು ಎರಡು ಸಲ ತೊಳೆದಳು. “ನಾನೇ ಬೇಡ ಅನ್ನಬೇಕಿತ್ತು,” ಎಂದಳು ಒಂದು ಬೆಳಿಗ್ಗೆ, ದೋಸೆ ಮಗುಚುತ್ತಾ. ಅವನು ತಟ್ಟೆ ಚಾಚಿದ.

ಡೆಸ್‌ಗೆ ಹೇಳಿರಲಿಲ್ಲ. ಫೋನಿನಲ್ಲಿ ಅವನಿಗೆ ಕಿವಿ ಕೇಳುವುದಿಲ್ಲ. ನರ್ಸಿನ ಬಾಯಲ್ಲಿ ಹೇಳಿಸುವ ಮಾತು ಅದಾಗಿರಲಿಲ್ಲ.

•

ಟಿಕೆಟ್ ಮುಂಚೆಯೇ ಬುಕ್ ಆಗಿತ್ತು. ಆ ಭಾನುವಾರ ಯಾದವ ಬರಿಗೈಯಲ್ಲೇ ಸಿಡ್ನಿಗೆ ಬಂದಿಳಿದ. ಮಗಳು ನಿರೀಕ್ಷಾ ಹ್ಯಾರಿಸ್ ಪಾರ್ಕಿನಲ್ಲಿ ಗೆಳತಿಯರ ಜೊತೆ ರೆಂಟಿಗಿದ್ದಳು, ಕಾರು ತಂದಿದ್ದಳು. ಹಿಂದಿನ ಸೀಟಿನಲ್ಲಿ ಒಂದು ಮಿಠಾಯಿ ಡಬ್ಬವಿತ್ತು.

“ಅವರಿಗೆ ಸಕ್ಕರೆ ಕಾಯಿಲೆ, ಮಗಾ.”

“ಓ ಶಿಟ್. ಸಾರಿ ಅಪ್ಪ. ನರ್ಸ್‌ಗಳಿಗೆ ಕೊಡೋಣ.” ಅವಳು ಕಾರನ್ನು ಹೆದ್ದಾರಿಗೆ ಸೇರಿಸಿದಳು. ಆಮೇಲೆ, “ವಾಟ್ ವಿಲ್ ಯು ಟೆಲ್ ಹಿಮ್?” ಎಂದಳು.

“ಗೊತ್ತಿಲ್ಲ.”

“ರಿಪೇರಿ ಮುಗಿದಿಲ್ಲ ಅನ್ನಿ. ಜಸ್ಟ್ ಸೇ ದಟ್.”

ಮುಗಿದಿಲ್ಲ ಎಂದು ಹೇಳುವುದನ್ನು ಯಾದವ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅಭ್ಯಾಸ ಮಾಡಿದ. ಪ್ರದರ್ಶನಕ್ಕೆ ಹೋಗುವ ವ್ಯಾನನ್ನು ಅವನು ಹಿಂದಿನ ದಿನವೇ ಬೇಡ ಎಂದು ತಿಳಿಸಿದ್ದ. ಆದರೂ ಡೆಸ್ ಲಿವರ್‌ಪೂಲ್‌ನ ಆ ನಿಲಯದ ಕಿಟಕಿಯ ಬಳಿ, ಕೋಟು ಹಾಕಿ, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಕೂತಿದ್ದ. ಬಲಗೆನ್ನೆಯನ್ನು ನುಣ್ಣಗೆ ಬೋಳಿಸಿದ್ದರು. ಎಡಗೆನ್ನೆಯಲ್ಲಿ ಬಿಳಿ ಕೂಳೆ ಹಾಗೇ ಇತ್ತು.

“ಆ ಕಡೆಯದ್ದು ಸಾಕು ಅಂದರು,” ಎಂದಳು ನರ್ಸ್ ಮಿಠಾಯಿ ತೆಗೆದುಕೊಳ್ಳುತ್ತಾ. “ಬೆಳಿಗ್ಗೆ ಆರಕ್ಕೇ ಎದ್ದಿದ್ದಾರೆ.”

ಡೆಸ್ ಯಾದವನ ಎರಡು ಕೈಗಳನ್ನೂ ನೋಡಿದ. ಅವನ ಹಿಂದೆ ನಿರೀಕ್ಷಾಳ ಕೈಗಳನ್ನೂ ನೋಡಿದ.

“ಪೊಲೀಸರ ಹತ್ತಿರ ಇದೆ,” ಎಂದ ಯಾದವ, ಅವನ ಕಿವಿಯ ಬಳಿ ಬಗ್ಗಿ. ಅಭ್ಯಾಸ ಮಾಡಿದ್ದು ಬಾಯಿಗೆ ಬರಲೇ ಇಲ್ಲ.

“ಯಾಕೆ? ಅದು ಏನು ಮಾಡಿತು?”

“ಅದು ಏನೂ ಮಾಡಲಿಲ್ಲ. ನಾನು ಪೆಟ್ಟಿಗೆಯಿಂದ ಹೊರಗಿಟ್ಟೆ.”

“ಎಲ್ಲಿ?”

“ದೇವರ ಮುಂದೆ. ವರ್ಷಕ್ಕೊಮ್ಮೆ ನಾವು ಕೆಲಸದ ಸಾಮಾನುಗಳನ್ನು ದೇವರ ಮುಂದೆ ಇಡುತ್ತೇವೆ. ಒಂದು ರಾತ್ರಿ.”

ಡೆಸ್ ಅದನ್ನು ತುಸು ಹೊತ್ತು ಬಾಯೊಳಗೇ ಜಗಿದ. “ಆ ದೇವರಿಗೆ ಲೈಸೆನ್ಸ್ ಇರಲಿಲ್ಲವೇನು?” ಎಂದ. ತಾನೇ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ನರ್ಸ್ ಬೆನ್ನು ನೀವಬೇಕಾಯಿತು. “ವಾಪಸು ಯಾವಾಗ?”

“ಫೆಬ್ರವರಿಗೆ ಹೇಳುತ್ತಾರೆ.”

“ಫೆಬ್ರವರಿ,” ಎಂದ ಡೆಸ್, ದೂರದ ಯಾವುದೋ ಊರಿನ ಹೆಸರು ಹೇಳುವ ಹಾಗೆ. ಕೊಡುತ್ತಾರಾ ಎಂದು ಕೇಳಲಿಲ್ಲ. ಕೋಟಿನ ಮೇಲಿನ ಗುಂಡಿ ಬಿಚ್ಚಲು ಹೋದ. ಬೆರಳುಗಳು ಮಾತು ಕೇಳಲಿಲ್ಲ. ಯಾದವ ಬಗ್ಗಿ ಬಿಚ್ಚಿದ.

“ಮುಗಿದಿತ್ತಾ?”

“ಮುಗಿದಿತ್ತು.”

“ಹೇಗೆ ಬಂದಿತ್ತು?”

ಯಾದವ ಕೈಗಳನ್ನು ಎತ್ತಿ ಗಾಳಿಯಲ್ಲಿ ಆಕಾರ ತೋರಿಸಲು ಹೊರಟು, ಅಲ್ಲೇ ಕೆಳಗಿಳಿಸಿದ. ಆಗ ನಿರೀಕ್ಷಾ ಹಿಂದಿನಿಂದ, “ಅಪ್ಪ, ನನ್ನತ್ರ ಇದೆ,” ಎಂದಳು.

“ಎಂತದು?”

“ದಟ್ ಫೋಟೋ. ಅಮ್ಮ ನನಗೂ ಕಳಿಸಿದ್ರಲ್ಲ. ನಾನು ಡಿಲೀಟ್ ಮಾಡಿಲ್ಲ.” ಅವಳು ಹೆದರಿಕೊಂಡೇ ಹೇಳಿದಳು. ಫೋನಿನಲ್ಲಿ ಹುಡುಕಿ, ಅಪ್ಪನ ಕೈಗೆ ಕೊಟ್ಟಳು.

ಯಾದವ ಅದನ್ನು ಡೆಸ್‌ನ ಮುಖದ ಮುಂದೆ ಹಿಡಿದ. ಡೆಸ್ ಮೂಗು ತಾಗುವಷ್ಟು ಹತ್ತಿರ ಎಳೆದುಕೊಂಡ. ಚೆಂಡುಹೂವು, ದೀಪ, ಮಿಕ್ಸಿಯ ಜಾರು.

“ಮದುವೆಯ ಮನೆ ಹಾಗಿದೆ,” ಎಂದ. “ಆ ಕೆಂಪು ಏನು?”

“ಕುಂಕುಮ.”

“ಗಾಯ ಅಂದುಕೊಂಡೆ.” ಹೆಬ್ಬೆರಳನ್ನು ತೆರೆಯ ಮೇಲಿಟ್ಟು ಮರದ ಮೇಲೆ ಸವರಲು ಹೋದ. ಚಿತ್ರ ಸರಕ್ಕನೆ ಜಾರಿ ನಿರೀಕ್ಷಾಳ ಗೆಳತಿಯರ ಯಾವುದೋ ಸಮುದ್ರತೀರ ಬಂತು. ಯಾದವ ವಾಪಸು ತಂದ. ಡೆಸ್ ಮತ್ತೆ ಸವರಿದ, ಮತ್ತೆ ಸಮುದ್ರ ಬಂತು. ಮೂರನೆಯ ಸಲ ಯಾದವ ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿ, ಕೆನ್ನೆ ಕೂರುವ ಉಬ್ಬು ಮಾತ್ರ ತೆರೆ ತುಂಬುವಂತೆ ಮಾಡಿ, ದೂರ ಹಿಡಿದ. ಬ್ಲ್ಯಾಕ್‌ವುಡ್‌ನ ಗೆರೆಗಳು ಕಾಣುತ್ತಿದ್ದವು.

ಡೆಸ್ ಬಹಳ ಹೊತ್ತು ನೋಡಿದ. ಆಮೇಲೆ ಎಡಗೈಯನ್ನು ಮುಂದಕ್ಕೆ ಚಾಚಿದ, ಬಲ ಮೊಣಕೈಯನ್ನು ಮೇಲೆತ್ತಿದ. ಬೋಳಿಸಿದ ಕೆನ್ನೆಯನ್ನು ನಿಧಾನವಾಗಿ ಬಲಕ್ಕೆ ಬಾಗಿಸಿ, ಅಲ್ಲಿ ಏನೂ ಇಲ್ಲದ ಒಂದು ಎತ್ತರದಲ್ಲಿ ನಿಲ್ಲಿಸಿದ. ಒಂದು ಕಣ್ಣು ಮುಚ್ಚಿದ. ತೆರೆದ ಕಣ್ಣು ಫೋನಿನ ಮೇಲಿತ್ತು.

ಫೋನು ಮಬ್ಬಾಯಿತು. ಅದು ಪೂರ್ತಿ ಕಪ್ಪಾಗುವ ಮೊದಲು ಯಾದವ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದ. ಬೆಳಕು ಬಂತು. ಅರ್ಧ ನಿಮಿಷ ಕಳೆದು ಮತ್ತೆ ಮಬ್ಬಾಯಿತು, ಅವನು ಮತ್ತೆ ಮುಟ್ಟಿದ. ಡೆಸ್‌ನ ಚಾಚಿದ ಕೈ ಇಳಿಯಲಿಲ್ಲ. ಯಾದವ ಮುಂದಿನ ಮಬ್ಬಿಗಾಗಿ ಬೆರಳನ್ನು ಎತ್ತಿಯೇ ಹಿಡಿದು ನಿಂತ.